ಹಸುಗೂಸಿನ ಹೃದಯ ಮತ್ತು ನಮ್ಮ ಹೊಣೆ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಜನತೆ ಅನುಭವಿಸಿದ ಭಯವನ್ನು ಸದ್ಭಕ್ತರು ಮರೆತಿರಲಾರರು. ಹರೆಯದವರೂ ನಡುವಯಸ್ಸಿನವರೂ ಹಠಾತ್ತನೆ ಕುಸಿದು ಅಸುನೀಗಿದ ಸುದ್ದಿಗಳು ಒಂದರ ಹಿಂದೊಂದು ಬಂದವು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನರು ಸಾಲುಗಟ್ಟಿದರು. ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲವೆಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ವರದಿ ಕೊಟ್ಟ ಮೇಲೆ ಆ ಭಯ ಮೆಲ್ಲನೆ ಇಳಿಯಿತು.

ಆ ದಿನಗಳಲ್ಲಿ ಹೊಳೆನರಸೀಪುರದ ನಮ್ಮ ಚಿಕಿತ್ಸಾಲಯಕ್ಕೆ ಬಂದವರೆಲ್ಲರೂ ತಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡೇ ಬರುತ್ತಿದ್ದರು. ಅವರ ನಡುವೆ ಒಬ್ಬ ಅಜ್ಜಿ ಮಾತ್ರ ತನ್ನ ಎದೆಯ ಮಾತನ್ನೇ ಎತ್ತಲಿಲ್ಲ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ಮೊಮ್ಮಗಳನ್ನು ಕರೆತಂದಿದ್ದ ಆಕೆ, “ಡಾಕ್ಟ್ರೇ, ನನ್ನದು ಹೆಂಗಾದರೂ ಆಗಲಿ. ಈ ಮಗೀನ ಎದೆ ಸರಿಯಾಗೈತಾ, ಇನ್ನೊಂದು ಸಲ ನೋಡಿ” ಎಂದರು. ಐದು ವರ್ಷದ ಆ ಹುಡುಗಿ ತಾನೇ ಅಂಗಿಯ ಗುಂಡಿ ಬಿಚ್ಚಿ ನಿಂತಳು. ಎದೆಯ ನಡುವೆ ಮೇಲಿನಿಂದ ಕೆಳಕ್ಕೆ ಎಳೆದ ತೆಳುವಾದ ಗೆರೆಯಿತ್ತು. ಸ್ಟೆತಸ್ಕೋಪಿನಲ್ಲಿ ಕೇಳಿಬಂದ ಬಡಿತ ಶುದ್ಧವಾಗಿತ್ತು.

ಈ ಅಜ್ಜಿಯೇ ಐದು ವರ್ಷಗಳ ಹಿಂದೆ ಈ ಮಗುವಿನ ಎದೆಗೆ ಕತ್ತಿ ತಾಗಬಾರದೆಂದು ನಮ್ಮೆದುರು ಕೈಮುಗಿದು ಅತ್ತವರು. ಅಲ್ಲಿಂದ ಇಲ್ಲಿಗೆ ಆ ಕುಟುಂಬವು ನಡೆದುಬಂದ ದಾರಿಯನ್ನು ಸದ್ಭಕ್ತರಿಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಅವರ ಒಪ್ಪಿಗೆ ಪಡೆದಿದ್ದೇವೆ. ಹೆಸರನ್ನೂ ಊರನ್ನೂ ಹೇಳುವುದಿಲ್ಲ.

ಶಿಬಿರಕ್ಕೆ ಬಂದ ಮಗು

ಮಠದ ವತಿಯಿಂದ ಅರಕಲಗೂಡಿನಲ್ಲಿ ನಡೆದ ಉಚಿತ ತಪಾಸಣಾ ಶಿಬಿರದಲ್ಲಿ ನಾವು ಆ ಮಗುವನ್ನು ಮೊದಲ ಬಾರಿ ಕಂಡೆವು. ಆಗ ಅದಕ್ಕೆ ಮೂರು ತಿಂಗಳು ತುಂಬಿತ್ತು. ತಾಯಿಯ ತವರು ಚನ್ನರಾಯಪಟ್ಟಣ ತಾಲ್ಲೂಕು. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದು ವಾರವಾಗಿತ್ತು. ಹುಟ್ಟಿದಾಗ 2.8 ಕಿಲೋ ತೂಗಿದ್ದ ಮಗು ಮೂರು ತಿಂಗಳ ಬಳಿಕವೂ 3.6 ಕಿಲೋ ಮಾತ್ರ ಇತ್ತು. ಎರಡು ಸಲ ಕೆಮ್ಮು ಕಫ ಬಂದು ಔಷಧ ಕೊಡಿಸಿದ್ದರು. “ಹಾಲು ಹಿಡಿಯುತ್ತಾಳೆ, ಎರಡು ನಿಮಿಷಕ್ಕೆ ಬಿಟ್ಟುಬಿಡುತ್ತಾಳೆ. ಕುಡಿಯುವಾಗ ಹಣೆಯೆಲ್ಲಾ ಬೆವರುತ್ತದೆ” ಎಂದು ತಾಯಿ ಮೆಲುದನಿಯಲ್ಲಿ ಹೇಳಿದಳು.

ಈ ಒಂದು ಮಾತು ಸಾಕಿತ್ತು. ಹಸುಗೂಸಿಗೆ ಮೊಲೆಹಾಲು ಕುಡಿಯುವುದೇ ದೊಡ್ಡ ದುಡಿಮೆ. ದೊಡ್ಡವರು ಬೆಟ್ಟ ಹತ್ತುವಾಗ ಹೃದಯಕ್ಕೆ ಬೀಳುವ ಭಾರ ಕೂಸಿಗೆ ಹಾಲು ಕುಡಿಯುವಾಗ ಬೀಳುತ್ತದೆ. ಆ ಹೊತ್ತಿನಲ್ಲಿ ಹಣೆ ಬೆವರಿದರೆ, ಉಸಿರು ಕಟ್ಟಿ ಮೊಲೆ ಬಿಟ್ಟರೆ, ದಣಿದು ನಿದ್ರೆಗೆ ಜಾರಿ ಮತ್ತೆ ಹಸಿದು ಅತ್ತರೆ, ಹೃದಯವನ್ನು ಪರೀಕ್ಷಿಸಲೇಬೇಕು. ಮಲಗಿದ್ದ ಮಗುವಿನ ಉಸಿರನ್ನು ಗಡಿಯಾರ ನೋಡಿ ಎಣಿಸಿದೆವು. ನಿಮಿಷಕ್ಕೆ 68 ಇತ್ತು. ಎದೆಯ ಎಡಗಡೆ ಸ್ಟೆತಸ್ಕೋಪು ಇಟ್ಟಾಗ ಬಡಿತಗಳ ನಡುವೆ ನೀರು ಕಿರಿದಾದ ತೂಬಿನಲ್ಲಿ ನುಗ್ಗುವಂತಹ ಒರಟು ಸದ್ದು ಕೇಳಿಸಿತು. ವೈದ್ಯರು ಇದನ್ನು ಮರ್ಮರ ಎನ್ನುತ್ತಾರೆ.

“ಹಾಸನಕ್ಕೆ ಕರೆದುಕೊಂಡು ಹೋಗಿ, ಹೃದಯದ ಎಕೋ ಪರೀಕ್ಷೆ ಮಾಡಿಸಬೇಕು” ಎಂದೆವು. ಅಜ್ಜಿ ಒಪ್ಪಲಿಲ್ಲ. “ಇಂಗ್ಲಿಷ್ ಔಷಧಿ ಬೇಡ ಅಂತ ತಾನೆ ನಿಮ್ಮ ಹತ್ರ ಬಂದಿದ್ದು, ಸ್ವಾಮಿ? ಕಷಾಯದಲ್ಲೇ ವಾಸಿ ಮಾಡಿಕೊಡಿ” ಎಂದರು. ತಂದೆ ಮೌನವಾಗಿ ನಿಂತಿದ್ದ. ಅದು ಹೊಗೆಸೊಪ್ಪನ್ನು ಹದ ಮಾಡುವ ಕಾಲ. ಬ್ಯಾರನ್ನಿನ ಬೆಂಕಿಯನ್ನು ರಾತ್ರಿ ಹಗಲು ಕಾಯಬೇಕಿತ್ತು. ಆದರೂ ಮರುದಿನವೇ ಹೆಂಡತಿ ಮಗುವಿನೊಡನೆ ಹಾಸನದ ಬಸ್ಸು ಹತ್ತಿದ. ಎಕೋ ಪರೀಕ್ಷೆಯಲ್ಲಿ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರವಿರುವುದು ಕಂಡಿತು.

ಈ ದೋಷವೆಂದರೇನು?

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಬಲಗಡೆಯ ಕೋಣೆಗಳು ಮಲಿನ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತವೆ. ಎಡಗಡೆಯವು ಶುದ್ಧ ರಕ್ತವನ್ನು ದೇಹಕ್ಕೆಲ್ಲ ಹಂಚುತ್ತವೆ. ನಡುವಿನ ಗೋಡೆ ಇವೆರಡನ್ನೂ ಬೇರೆಯಾಗಿಡುತ್ತದೆ. ಆ ಗೋಡೆಯಲ್ಲಿ ರಂಧ್ರವಿದ್ದರೆ, ಒತ್ತಡ ಹೆಚ್ಚಿರುವ ಎಡಗಡೆಯಿಂದ ರಕ್ತವು ಬಲಗಡೆಗೆ ನುಗ್ಗಿ ಶ್ವಾಸಕೋಶವನ್ನು ತುಂಬಿಬಿಡುತ್ತದೆ. ಆದುದರಿಂದಲೇ ಏದುಸಿರು, ಮರುಕಳಿಸುವ ಕಫ, ತೂಕ ಏರದಿರುವಿಕೆ.

ಹುಟ್ಟಿದ ದಿನ ಮಗು ಚೆನ್ನಾಗಿತ್ತಲ್ಲ, ಆಸ್ಪತ್ರೆಯವರು ಏಕೆ ಹೇಳಲಿಲ್ಲ ಎಂದು ಅನೇಕರು ಕೇಳುತ್ತಾರೆ. ನವಜಾತ ಶಿಶುವಿನ ಶ್ವಾಸಕೋಶದ ರಕ್ತನಾಳಗಳಲ್ಲಿ ಮೊದಲು ಒತ್ತಡ ಹೆಚ್ಚಾಗಿಯೇ ಇರುತ್ತದೆ. ಅದು ಇಳಿಯಲು ಕೆಲವು ವಾರಗಳು ಬೇಕು. ಇಳಿದ ಮೇಲೆಯೇ ರಂಧ್ರದ ಮೂಲಕ ರಕ್ತ ಜೋರಾಗಿ ಹರಿಯತೊಡಗುತ್ತದೆ. ಆದ್ದರಿಂದ ಇಂತಹ ಮಕ್ಕಳ ಲಕ್ಷಣಗಳು ನಾಲ್ಕರಿಂದ ಆರು ವಾರಗಳಾದಾಗ, ಅಂದರೆ ತಾಯಿ ತವರಿನಲ್ಲಿ ಬಾಣಂತನದಲ್ಲಿರುವಾಗ, ಮೆಲ್ಲನೆ ತೋರುತ್ತವೆ. ಅವನ್ನು ಮೊದಲು ಕಾಣಬೇಕಾದ ಕಣ್ಣು ಬಾಣಂತನ ಮಾಡುವ ಅಜ್ಜಿಯರದು.

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ 8ರಿಂದ 10 ಮಕ್ಕಳಿಗೆ ಹೃದಯದ ಒಂದಲ್ಲ ಒಂದು ಜನ್ಮಜಾತ ದೋಷವಿರುತ್ತದೆ. ನಮ್ಮ ದೇಶದಲ್ಲಿ ಅಂತಹ ಮಕ್ಕಳು ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಎಲ್ಲವೂ ಘೋರವಲ್ಲ. ಕೆಳಕೋಣೆಗಳ ನಡುವಿನ ಸಣ್ಣ ರಂಧ್ರಗಳು ಬಹಳಷ್ಟು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೇಲ್ಕೋಣೆಗಳ ನಡುವಿನ ರಂಧ್ರವು ಸದ್ದಿಲ್ಲದೆ ಹರೆಯದವರೆಗೂ ಅಡಗಿರಬಲ್ಲದು. ಗರ್ಭದಲ್ಲಿದ್ದಾಗ ಬೇಕಾಗಿದ್ದು, ಹುಟ್ಟಿದ ಕೆಲವು ದಿನಗಳಲ್ಲಿ ಮುಚ್ಚಬೇಕಾದ ಒಂದು ರಕ್ತನಾಳವು ಕೆಲವು ಮಕ್ಕಳಲ್ಲಿ ತೆರೆದೇ ಉಳಿಯುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿ, ಮಲಿನ ರಕ್ತವೇ ದೇಹಕ್ಕೆ ಹರಿದು ತುಟಿ, ನಾಲಗೆ, ಉಗುರುಗಳು ನೀಲಿಯಾಗುತ್ತವೆ. 1944ರವರೆಗೆ ಇಂತಹ ನೀಲಿ ಮಕ್ಕಳಿಗೆ ಜಗತ್ತಿನಲ್ಲಿ ಎಲ್ಲಿಯೂ ಚಿಕಿತ್ಸೆ ಇರಲಿಲ್ಲ. ಆ ವರ್ಷ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆಲೆನ್ ಟೌಸಿಗ್ ಎಂಬ ವೈದ್ಯೆಯ ಆಲೋಚನೆ, ವಿವಿಯನ್ ಥಾಮಸ್ ಅವರ ಪ್ರಯೋಗಶಾಲೆಯ ಶ್ರಮ ಮತ್ತು ಆಲ್ಫ್ರೆಡ್ ಬ್ಲಾಲಾಕ್ ಅವರ ಶಸ್ತ್ರ ಒಂದುಗೂಡಿ ಮೊದಲ ದಾರಿ ತೆರೆಯಿತು.

ತಾಯಿಯ ತಪ್ಪಲ್ಲ

ಪರೀಕ್ಷೆಯ ವರದಿ ಬಂದ ದಿನದಿಂದ ಊರಿನಲ್ಲಿ ಬೇರೊಂದು ವಿಚಾರಣೆ ಆರಂಭವಾಯಿತು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳಂತೆ. ಬಸುರಿಯಲ್ಲಿ ಏನನ್ನೋ ತಿಂದಳಂತೆ. ಯಾವ ಜನ್ಮದ ಪಾಪವೋ ಎಂದು ನೆರೆಹೊರೆಯವರು ಆಡಿಕೊಂಡರು. ಮನೆಯಲ್ಲಿ ಅಜ್ಜಿಯೂ ಒಂದೆರಡು ಬಾರಿ ಆಡಿದರು. ಆ ತಾಯಿಗೆ ಇಪ್ಪತ್ತೆರಡು ವರ್ಷ. ಅವಳು ಊಟ ಬಿಟ್ಟಳು, ಹಾಲು ಇಳಿಯಿತು. ರೋಗಕ್ಕಿಂತ ಮೊದಲು ಆ ಮಗುವನ್ನು ಬಾಧಿಸಿದ್ದು ಈ ಮಾತುಗಳೇ.

ಗ್ರಹಣಕ್ಕೂ ಹೃದಯದ ರಂಧ್ರಕ್ಕೂ ಸಂಬಂಧವಿಲ್ಲ. ಗರ್ಭ ನಿಂತ ಸುಮಾರು ಮೂರು ವಾರಗಳಲ್ಲಿ ಭ್ರೂಣದ ಹೃದಯ ಬಡಿಯಲಾರಂಭಿಸುತ್ತದೆ. ಎಂಟನೆಯ ವಾರದ ವೇಳೆಗೆ ಅದರ ಗೋಡೆಗಳು ಬಹುಪಾಲು ಕಟ್ಟಿಯಾಗಿರುತ್ತವೆ. ಅನೇಕ ಹೆಣ್ಣುಮಕ್ಕಳಿಗೆ ತಾವು ಬಸುರಿಯೆಂದು ತಿಳಿಯುವ ಹೊತ್ತಿಗೆ ಈ ಕೆಲಸ ಅರ್ಧ ಮುಗಿದಿರುತ್ತದೆ. ಬಹುಪಾಲು ಮಕ್ಕಳಲ್ಲಿ ಇಂತಹುದೇ ಕಾರಣವೆಂದು ಬೊಟ್ಟುಮಾಡಿ ತೋರಿಸಲಾಗದು. ನಮ್ಮ ಆಚಾರ್ಯರೂ ಇದನ್ನು ಕಂಡಿದ್ದರು. ಸುಶ್ರುತರು ರೋಗಗಳನ್ನು ವಿಂಗಡಿಸುವಾಗ ಹುಟ್ಟಿನೊಡನೆ ಬರುವವುಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟರು. ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳು ಎಂದು ಕರೆದು ಗೌರವಿಸಿದರು.

ಅಪಾಯವನ್ನು ಹೆಚ್ಚಿಸುವ ಕೆಲವು ಸಂಗತಿಗಳು ಮಾತ್ರ ತಿಳಿದಿವೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲಾ ತಗಲುವುದು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಗಳು, ಮದ್ಯ ಮತ್ತು ತಂಬಾಕು ಇವುಗಳಲ್ಲಿ ಸೇರಿವೆ. ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಮಗುವನ್ನು ಬಯಸುವ ಮೊದಲೇ ವೈದ್ಯರನ್ನು ಕೇಳಬೇಕು. ರುಬೆಲ್ಲಾ ತಡೆಯುವ ಲಸಿಕೆಯ ದೊಡ್ಡ ಅಭಿಯಾನ ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ನಡೆಯಿತು. ಇಂದಿನ ಹೆಣ್ಣುಮಕ್ಕಳಿಗೆ ಆ ಲಸಿಕೆ ಹಾಕಿಸುವುದೆಂದರೆ ನಾಳಿನ ಮೊಮ್ಮಕ್ಕಳ ಹೃದಯವನ್ನು ಕಾಯುವುದೇ ಆಗಿದೆ.

ನಮ್ಮ ಸೀಮೆಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಅಕ್ಕನ ಮಗಳನ್ನು ತಂದುಕೊಳ್ಳುವ ಹತ್ತಿರದ ಸಂಬಂಧಗಳಲ್ಲಿ ಈ ದೋಷದ ಸಾಧ್ಯತೆ ಹೆಚ್ಚೆಂದು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದೆ. ಈ ಕುಟುಂಬದಲ್ಲಿಯೂ ಸೊಸೆ ಅಜ್ಜಿಗೆ ಮಗಳ ಮಗಳೇ. ನಾವು ಇದನ್ನು ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದರೆ ಇದನ್ನ ನಾನೇ ಮಾಡಿದ್ನಾ?” ಎಂದು ಕೇಳಿದರು. ಆ ಪ್ರಶ್ನೆಯ ಭಾರ ನಮ್ಮನ್ನೂ ತಟ್ಟಿತು. “ಇಲ್ಲ ತಾಯಿ. ಹತ್ತಿರದ ಸಂಬಂಧದಲ್ಲಿ ಹುಟ್ಟಿದ ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ದೂರದ ಸಂಬಂಧದಲ್ಲಿಯೂ ಈ ಮಕ್ಕಳು ಹುಟ್ಟುತ್ತಾರೆ. ಮುಂದಿನ ಮದುವೆಗಳಿಗೆ ಇದನ್ನು ನೆನಪಿಡಿ. ಆದದ್ದಕ್ಕೆ ನೀವೂ ಕಾರಣರಲ್ಲ, ಆ ಹುಡುಗಿಯೂ ಅಲ್ಲ” ಎಂದೆವು. ಅಂದಿನಿಂದ ಆ ಮನೆಯಲ್ಲಿ ಗ್ರಹಣದ ಮಾತು ನಿಂತಿತು.

ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಹೆರಿಗೆಯಲ್ಲಿ ಮೈಲಿಗೆಯಿಲ್ಲ ಎಂದರು. ಅವರ ಹಾದಿಯಲ್ಲಿ ನಡೆಯುವ ನಾವು ಹುಟ್ಟಿದ ಮಗುವಿನ ದೋಷವನ್ನು ಹೆತ್ತವಳ ಮೇಲೆ ಹೊಸ ಸೂತಕವಾಗಿ ಹೊರಿಸುವುದು ಸಲ್ಲದು.

ನಮ್ಮಿಂದಾದ ತಪ್ಪು

ಅಜ್ಜಿ ಕಷಾಯವನ್ನೇ ಬೇಡಿದಾಗ ನಾವು ಗಟ್ಟಿಯಾಗಿ ಇಲ್ಲವೆಂದುದಕ್ಕೆ ಒಂದು ಹಳೆಯ ಕಾರಣವಿದೆ. ಅದನ್ನು ಮುಚ್ಚಿಟ್ಟು ಈ ಲೇಖನವನ್ನು ಬರೆಯುವುದು ಸತ್ಯವಾಗಲಾರದು.

ನಾವು ವೃತ್ತಿ ಆರಂಭಿಸಿ ಹತ್ತು ವರ್ಷವೂ ಆಗಿರದ ಕಾಲ. ಎರಡು ವರ್ಷದ ಒಂದು ಹೆಣ್ಣುಮಗುವನ್ನು ಅದರ ತಂದೆ ಕೆಮ್ಮಿಗೆಂದು ಕರೆತರುತ್ತಿದ್ದರು. ನಾವು ಲೇಹ ಕೊಟ್ಟೆವು, ಕೆಮ್ಮು ಇಳಿಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತಿತ್ತು. ಎರಡು ಚಳಿಗಾಲ ಹೀಗೆಯೇ ಕಳೆದವು. ಎದೆಯ ಬೆನ್ನಿನ ಭಾಗಕ್ಕೆ ಸ್ಟೆತಸ್ಕೋಪು ಇಟ್ಟು ಕಫದ ಸದ್ದು ಕೇಳಿದೆವೇ ಹೊರತು ಹೃದಯದ ಸದ್ದಿಗೆ ಕಿವಿಗೊಡಲಿಲ್ಲ. ಮೂರನೆಯ ವರ್ಷ ಕೆಮ್ಮು ತಾನಾಗಿಯೇ ಕಡಿಮೆಯಾಯಿತು. ತಂದೆ ನಮಗೆ ಕೃತಜ್ಞತೆ ಹೇಳಿ ಹೋದರು. ನಾವೂ ವಾಸಿಯಾಯಿತೆಂದೇ ನಂಬಿದೆವು.

ಅದು ವಾಸಿಯಾದುದಲ್ಲ. ದೊಡ್ಡ ರಂಧ್ರವನ್ನು ಹಾಗೆಯೇ ಬಿಟ್ಟರೆ ಅತಿ ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಾಳಗಳು ದಪ್ಪವಾಗಿ ಗಡುಸಾಗುತ್ತವೆ. ಆಗ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗಿ ಕೆಮ್ಮು ಇಳಿಯುತ್ತದೆ. ಮಗು ಸುಧಾರಿಸಿತೆಂದು ಮನೆಯವರು ಹಿಗ್ಗುತ್ತಾರೆ. ಕೆಲವು ವರ್ಷಗಳಲ್ಲಿ ರಕ್ತದ ಹರಿವು ತಿರುಗಿ, ಮಲಿನ ರಕ್ತವೇ ದೇಹಕ್ಕೆ ಸೇರಿ ಮೈ ನೀಲಿಗಟ್ಟುತ್ತದೆ. ಆ ಹಂತದಲ್ಲಿ ರಂಧ್ರವನ್ನು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಆ ಹುಡುಗಿ ಹತ್ತೊಂಬತ್ತನೆಯ ವರ್ಷದಲ್ಲಿ ಮತ್ತೆ ನಮ್ಮೆದುರು ಕುಳಿತಾಗ ಅವಳ ಉಗುರುಗಳು ಉಬ್ಬಿ ನೇರಳೆಯಾಗಿದ್ದವು. ಹೃದ್ರೋಗ ತಜ್ಞರು ಕಾಲ ಮೀರಿದೆ ಎಂದಿದ್ದರು. ಅವಳು ಇನ್ನು ಕೆಲವೇ ವರ್ಷ ಬದುಕಿದ್ದಳು. ಅವಳ ತಂದೆ ನಮ್ಮನ್ನು ಒಂದು ದಿನವೂ ದೂರಲಿಲ್ಲ. ಅದು ನಮ್ಮ ನೋವನ್ನು ಕಡಿಮೆ ಮಾಡಿಲ್ಲ.

ಆದುದರಿಂದ ಆಯುರ್ವೇದ ವೈದ್ಯರಾಗಿಯೇ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಹೃದಯದ ದೊಡ್ಡ ರಂಧ್ರವನ್ನು ಮುಚ್ಚುವ ಕಷಾಯವಿಲ್ಲ, ಲೇಹವಿಲ್ಲ, ಭಸ್ಮವಿಲ್ಲ. ಹೇಮಾವತಿ ಕಾವೇರಿಗಳ ದಡದಲ್ಲಿ ಬೆಳೆಯುವ ಹೊಳೆಮತ್ತಿಯ ತೊಗಟೆ ಹೃದ್ರೋಗದಲ್ಲಿ ಪ್ರಸಿದ್ಧವಾದುದು ನಿಜ. ಆದರೆ ಅದು ಗೋಡೆ ಕಟ್ಟುವುದಿಲ್ಲ. ಹೀಗೆ ಹೇಳುವುದು ಶಾಸ್ತ್ರಕ್ಕೆ ಅಪಚಾರವಲ್ಲ. ಕೀವುಗಟ್ಟಿದ ಗುಲ್ಮದ ಚಿಕಿತ್ಸೆಯನ್ನು ಹೇಳುವಾಗ ಚರಕಾಚಾರ್ಯರೇ ಅಲ್ಲಿ ಅಧಿಕಾರವು ಧನ್ವಂತರಿ ಸಂಪ್ರದಾಯದ ಶಸ್ತ್ರವೈದ್ಯರದ್ದೆಂದು ಬಿಟ್ಟುಕೊಡುತ್ತಾರೆ. ತನ್ನ ಕೈ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಅರಿತು ರೋಗಿಯನ್ನು ಮುಂದಕ್ಕೆ ಕಳುಹಿಸುವುದೂ ಚಿಕಿತ್ಸೆಯೇ.

ಶಸ್ತ್ರಚಿಕಿತ್ಸೆಯ ದಿನ

ಬೆಂಗಳೂರಿನ ತಜ್ಞರು ಮೊದಲು ಔಷಧ ಕೊಟ್ಟು, ಮಗುವಿನ ತೂಕ ಏರಿಸಿ, ಏಳನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಎಂದು ನಿಗದಿ ಮಾಡಿದರು. ಆಗ ಅಜ್ಜಿಯ ಕೊನೆಯ ಆಕ್ಷೇಪ ಹೊರಬಂತು. “ಹೆಣ್ಣು ಹುಡುಗಿ, ಎದೆ ಮೇಲೆ ಗಾಯ. ನಾಳೆ ಯಾರು ಕಟ್ಟಿಕೊಳ್ತಾರೆ?” ಇದು ಆ ಅಜ್ಜಿಯೊಬ್ಬರ ಮಾತಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಶಸ್ತ್ರಚಿಕಿತ್ಸೆಗೆ ಸೂಚಿಸಲಾದ ಗಂಡುಮಕ್ಕಳಲ್ಲಿ ಶೇಕಡ 70 ಮಂದಿಗೆ ಅದು ನಡೆದಿದ್ದರೆ, ಹೆಣ್ಣುಮಕ್ಕಳಲ್ಲಿ ಶೇಕಡ 44 ಮಂದಿಗೆ ಮಾತ್ರ ನಡೆದಿತ್ತು. ಹೆಣ್ಣಿಗೂ ಗಂಡಿಗೂ ಸಮನಾಗಿ ಲಿಂಗಧಾರಣೆ ಮಾಡುವ ನಮ್ಮ ಮನೆಗಳಲ್ಲಿ ಈ ಅಂತರ ಇರಬಾರದು. ಅಂದು ಅಜ್ಜಿಗೆ ಉತ್ತರ ಕೊಟ್ಟವನು, ಅಲ್ಲಿಯವರೆಗೆ ಬಾಯಿಬಿಡದಿದ್ದ ತಂದೆ. “ಅವ್ವ, ಕಟ್ಟಿಕೊಳ್ಳೋದಕ್ಕೆ ಮೊದಲು ಅವಳು ಇರಬೇಕಲ್ಲ” ಎಂದ.

ಶಸ್ತ್ರಚಿಕಿತ್ಸೆಯ ಮುಂಜಾನೆ ದಾದಿಯು ಮಗುವಿನ ಮೈಮೇಲಿದ್ದ ದಾರ, ಬಳೆ, ಕರಡಿಗೆಗಳನ್ನು ತೆಗೆಯಬೇಕೆಂದಳು. ಅಂಗದಿಂದ ಲಿಂಗವನ್ನು ಅಗಲಿಸುವುದು ಹೇಗೆಂದು ಅಜ್ಜಿ ದಿಕ್ಕುತೋಚದೆ ಮಠಕ್ಕೆ ದೂರವಾಣಿ ಮಾಡಿಸಿದರು. ಅಷ್ಟು ಹೊತ್ತು ಇಷ್ಟಲಿಂಗವು ತಾಯಿಯ ಎದೆಯ ಮೇಲಿರಲಿ, ಮಗುವಿನ ಎದೆಯನ್ನು ವೈದ್ಯರ ಕಾಯಕಕ್ಕೆ ಒಪ್ಪಿಸಿ ಎಂದು ಪೂಜ್ಯರು ಅಪ್ಪಣೆ ಕೊಟ್ಟರು. ತಾಯಿ ತನ್ನ ಲಿಂಗದ ಜೊತೆಗೆ ಮಗಳದ್ದನ್ನೂ ಧರಿಸಿ ಬಾಗಿಲ ಹೊರಗೆ ಕುಳಿತಳು. ಒಳಗೆ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಬಡಿತವನ್ನು ನಿಲ್ಲಿಸಿ, ರಂಧ್ರಕ್ಕೆ ತೇಪೆ ಹೊಲಿದು, ಮತ್ತೆ ಬಡಿಯುವಂತೆ ಮಾಡಿದರು. ಬೇಕಾದ ರಕ್ತವನ್ನು ಕೊಡಲು ಚನ್ನರಾಯಪಟ್ಟಣದಿಂದ ರೈಲಿನಲ್ಲಿ ಆರು ಮಂದಿ ತರುಣರು ಬಂದಿದ್ದರು. ಅರಕಲಗೂಡಿನ ಊರಿನಲ್ಲಿ ಅಕ್ಕಪಕ್ಕದ ರೈತರು ಸರದಿಯಂತೆ ಆ ಮನೆಯ ಹೊಲಗೆಲಸವನ್ನು ನೋಡಿಕೊಂಡರು. ದಾಸೋಹವೆಂದರೆ ಇದೂ ಹೌದು.

ಎಲ್ಲ ಮಕ್ಕಳಿಗೂ ಎದೆ ತೆರೆಯಬೇಕಾಗಿಲ್ಲ. ಕೆಲವು ಬಗೆಯ ರಂಧ್ರಗಳನ್ನೂ ತೆರೆದ ನಾಳವನ್ನೂ ತೊಡೆಯ ರಕ್ತನಾಳದ ಮೂಲಕ ಸಣ್ಣ ಸಾಧನವನ್ನು ಕಳುಹಿಸಿ ಮುಚ್ಚಬಹುದು. ಯಾರಿಗೆ ಯಾವುದು, ಯಾವಾಗ ಎಂಬುದನ್ನು ಮಕ್ಕಳ ಹೃದ್ರೋಗ ತಜ್ಞರೇ ನಿರ್ಧರಿಸಬೇಕು.

ಮನೆಯಲ್ಲಿ ಪಾಲನೆ

ಶಸ್ತ್ರಚಿಕಿತ್ಸೆಯ ಮುಂಚೆಯೂ ಆಮೇಲೂ ಮಗುವನ್ನು ಬೆಳೆಸುವುದು ಮನೆಯವರೇ. ಈ ಕುಟುಂಬವು ಅನುಸರಿಸಿದ ಕ್ರಮಗಳನ್ನು ಇಲ್ಲಿ ಹೇಳುತ್ತೇವೆ.

ಹಾಲು: ಒಂದೇ ಸಲ ಹೊಟ್ಟೆ ತುಂಬಿಸಲು ಹೋಗದೆ ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕುಡಿಸಬೇಕು. ತಲೆ ತುಸು ಎತ್ತರದಲ್ಲಿರಲಿ. ದಣಿಯುವ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ ಚಮಚದಲ್ಲಿ ಕೊಡಬಹುದು. ಏದುಸಿರು ಬಿಡುವ ಕೂಸನ್ನು ಮಲಗಿಸಿ ಒಳಲೆಯಿಂದ ಬಲವಂತವಾಗಿ ಹುಯ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆರು ತಿಂಗಳಾದ ಮೇಲೆ ರಾಗಿ ಸರಿಗೆ ಒಂದು ಚಮಚ ತುಪ್ಪ ಬೆರೆಸಿದರೆ ಕಡಿಮೆ ತುತ್ತಿನಲ್ಲಿ ಹೆಚ್ಚು ಬಲ ಸಿಗುತ್ತದೆ. ತೂಕವನ್ನು ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ನೋಡಿ ಬರೆದಿಡಬೇಕು.

ಹೊಗೆ: ಎಣ್ಣೆ ನೀರಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಇಂತಹ ಮಕ್ಕಳಿಗೆ ನಿಲ್ಲಿಸಬೇಕು. ಒಲೆಯ ಹೊಗೆ, ಬೀಡಿಯ ಹೊಗೆ, ಹೊಗೆಸೊಪ್ಪಿನ ಬ್ಯಾರನ್ನಿನ ಕಾವು ಇವುಗಳಿಂದ ದೂರವಿಡಬೇಕು.

ಔಷಧ: ತಜ್ಞರು ಕೊಟ್ಟ ಹನಿಗಳನ್ನು ಅಳತೆ ತಪ್ಪದೆ, ದಿನ ತಪ್ಪದೆ ಕೊಡಬೇಕು. ಡಿಜಾಕ್ಸಿನ್ ಎಂಬ ಹೃದಯದ ಔಷಧವೂ ಸಸ್ಯಮೂಲದ್ದೇ. ಅದು ಬರುವ ಜಾತಿಯ ಗಿಡದ ಉಪಯೋಗವನ್ನು ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲಿ ಪ್ರಕಟಿಸಿದರು. ತುಸು ಹೆಚ್ಚಾದರೂ ಅದು ವಿಷ. ಈ ಔಷಧವನ್ನೂ ಮೂತ್ರ ಹೆಚ್ಚಿಸುವ ಔಷಧವನ್ನೂ ಪಡೆಯುತ್ತಿರುವ ಮಗುವಿಗೆ ಕೆಮ್ಮಿಗೆಂದು ಅತಿಮಧುರ ಕೊಡಬಾರದು. ಅತಿಮಧುರವು ದೇಹದ ಪೊಟ್ಯಾಸಿಯಂ ಅಂಶವನ್ನು ಇಳಿಸಿ ಡಿಜಾಕ್ಸಿನ್ನಿನ ವಿಷವನ್ನು ಹೆಚ್ಚಿಸುತ್ತದೆ. ನಾಟಿ ಔಷಧವಾಗಲಿ, ನಮ್ಮಂತಹವರ ಔಷಧವಾಗಲಿ, ಹೃದ್ರೋಗ ತಜ್ಞರಿಗೆ ತಿಳಿಸದೆ ಕೊಡಬೇಡಿ.

ಎತ್ತುವ ಬಗೆ: ಎದೆಯ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕಂಕುಳಲ್ಲಿ ಕೈಹಾಕಿ ಎತ್ತದೆ, ಕತ್ತಿನ ಕೆಳಗೂ ಕುಂಡಿಯ ಕೆಳಗೂ ಕೈಕೊಟ್ಟು ಎತ್ತಬೇಕು. ಗಾಯ ಮಾಗಿ ವೈದ್ಯರು ಒಪ್ಪುವವರೆಗೆ ಎದೆಗೆ ಎಣ್ಣೆ ತಿಕ್ಕಬಾರದು.

ಲಸಿಕೆ ಮತ್ತು ಹಲ್ಲು: ಹೃದಯದ ದೋಷವಿದೆಯೆಂದು ಲಸಿಕೆ ಬಿಡಬಾರದು, ಈ ಮಕ್ಕಳಿಗೇ ಅವು ಹೆಚ್ಚು ಅಗತ್ಯ. ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯಕ್ಕೆ ತಗಲಬಹುದಾದ್ದರಿಂದ ಮೊದಲ ಹಲ್ಲಿನಿಂದಲೇ ಶುಚಿಯಿರಲಿ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೃದಯದ ವಿಷಯ ತಿಳಿಸಿ. ಕೆಲವು ಮಕ್ಕಳಿಗೆ ಮುಂಚಿತವಾಗಿ ಔಷಧ ಬೇಕಾಗುತ್ತದೆ.

ಆಟ: ವಾಸಿಯಾದ ಮಗುವನ್ನು ಗಾಜಿನ ಬೊಂಬೆಯಂತೆ ಕಾಯುವುದು ಇನ್ನೊಂದು ಬಗೆಯ ರೋಗ. ವೈದ್ಯರು ತಡೆಯದಿದ್ದರೆ ಓಡಲಿ, ಬೀಳಲಿ, ಕುಂಟೆಬಿಲ್ಲೆ ಆಡಲಿ. ಶಾಲೆಯ ಶಿಕ್ಷಕರಿಗೆ ವಿಷಯ ತಿಳಿಸಿದರೆ ಸಾಕು. ವರ್ಷಕ್ಕೊಮ್ಮೆ, ಅಥವಾ ತಜ್ಞರು ಹೇಳಿದಾಗ, ಎಕೋ ಪರೀಕ್ಷೆ ತಪ್ಪಬಾರದು.

ಯಾವಾಗ ಓಡಬೇಕು, ಎಲ್ಲಿಗೆ ಹೋಗಬೇಕು

ಮಗು ಅಳದೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇವುಗಳಷ್ಟು ಅಥವಾ ಇನ್ನೂ ಹೆಚ್ಚು ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ತುಟಿ ನಾಲಗೆ ನೀಲಿಯಾದರೆ, ಮಗು ಹಾಲನ್ನೇ ಹಿಡಿಯದಿದ್ದರೆ, ಪ್ರಜ್ಞೆ ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಿ. ನೀಲಿ ಮಗು ಅಳುತ್ತಾ ಇನ್ನಷ್ಟು ನೀಲಿಗಟ್ಟಿದರೆ ಅದರ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಸಮಾಧಾನಪಡಿಸುತ್ತಾ ಆಸ್ಪತ್ರೆಗೆ ಒಯ್ಯಿರಿ. ದೃಷ್ಟಿ ತೆಗೆಯುವುದಕ್ಕೂ ತಾಯಿತ ಕಟ್ಟಿಸುವುದಕ್ಕೂ ಆ ಹೊತ್ತನ್ನು ಕಳೆಯಬೇಡಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೂ ಒಂದು ಬಾರಿ ಸರ್ಕಾರಿ ಶಾಲೆಗಳಿಗೂ ಬರುತ್ತವೆ. ಅವರು ಹುಡುಕುವ ದೋಷಗಳಲ್ಲಿ ಹೃದಯದ ದೋಷವೂ ಒಂದು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಮೊದಲು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗವನ್ನು ಕಾಣಿರಿ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಜಯದೇವ ಸಂಸ್ಥೆಯಿದೆ, 2001ರಲ್ಲಿ ಆರಂಭವಾದ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಉಚಿತ, ನಾರಾಯಣ ಹೃದಯಾಲಯವಿದೆ. 2003ರಲ್ಲಿ ಲಾಹೋರಿನಿಂದ ಬಸ್ಸಿನಲ್ಲಿ ಗಡಿ ದಾಟಿ ಬಂದ ಪುಟ್ಟ ನೂರ್ ಫಾತಿಮಾಳ ಹೃದಯದ ರಂಧ್ರವನ್ನು ಮುಚ್ಚಿದ್ದು ಈ ನಾರಾಯಣ ಹೃದಯಾಲಯದಲ್ಲಿಯೇ. ಅಷ್ಟು ದೂರದ ತಂದೆತಾಯಿಗಳು ನಂಬಿ ಬಂದ ಊರು ನಮಗೆ ಅರ್ಧ ದಿನದ ಹಾದಿ.

ಕೊನೆಗೆ ಮತ್ತೆ ಆ ಅಜ್ಜಿಯ ಮಾತು. ಮೊಮ್ಮಗಳ ಎದೆ ಸರಿಯಾಗಿದೆಯೆಂದು ಹೇಳಿದ ಮೇಲೂ ಆಕೆ ಎದ್ದು ಹೋಗಲಿಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬ ಬಾಣಂತಿ ಕೂಸನ್ನು ಹಿಡಿದು ಕುಳಿತಿದ್ದಳು. ತನ್ನ ಹಳ್ಳಿಯವಳೇ; ಅಜ್ಜಿಯೇ ಬಲವಂತ ಮಾಡಿ ಕರೆತಂದಿದ್ದರು. “ಹಾಲು ಕುಡಿಯುವಾಗ ಹಣೆ ಬೆವರ್ತೈತೆ ಡಾಕ್ಟ್ರೇ. ನಾನು ಉಸಿರು ಎಣಿಸಿದೆ, ಅರವತ್ತಕ್ಕಿಂತ ಜಾಸ್ತಿ ಐತೆ” ಎಂದರು. ಅಕ್ಷರ ಕಲಿಯದ ಆ ಅಜ್ಜಿಗೆ ಗಡಿಯಾರದ ಮುಳ್ಳು ನೋಡಿ ಎಣಿಸುವುದನ್ನು ಮೊಮ್ಮಗಳ ಕಾಯಿಲೆ ಕಲಿಸಿತ್ತು. ನಾವು ಕೂಸನ್ನು ಒಳಗೆ ಕರೆದೆವು. ಮೊದಲು ಹೃದಯದ ಸದ್ದಿಗೆ ಕಿವಿಗೊಟ್ಟೆವು.